ಬುಧವಾರದ ಅಂಗಡಿ: ಅಮೆರಿಕದ ಕಾಮಿಕ್ಸ್ ಮಾರಾಟದಲ್ಲಿ ಗಿರಾಕಿ–ವ್ಯಾಪಾರಿ ಸಂಬಂಧದ ಚರಿತ್ರೆ

ಕನ್ನಡ ಜಾನಪದ ಅಧ್ಯಯನವು ವ್ಯಾಪಾರವೆಂಬ ವಿದ್ಯಮಾನವನ್ನು ಬಹುಮಟ್ಟಿಗೆ ಸಂತೆ, ಜಾತ್ರೆ ಹಾಗೂ ಊರೂರು ಅಲೆಯುವ ಮಾರಾಟಗಾರರ ಮೂಲಕವೇ ಗಮನಿಸಿದೆ. ನಮ್ಮ ಜನಪದ ಗೀತೆಗಳ ಬಳೆಗಾರನಿಗೆ ಯಾವ ಮನೆಯ ಹೆಣ್ಣುಮಗಳ ಕೈಗೆ ಯಾವ ಅಳತೆಯ ಬಳೆ ಏರುತ್ತದೆ ಎಂಬುದು ಗೊತ್ತು. ತವರಿನ ಸುದ್ದಿಯೂ ಅವನ ಮಲಾರದ ಜೊತೆಯಲ್ಲಿಯೇ ಊರು ಸೇರುತ್ತದೆ. ಕೊಳ್ಳುವವರ ಅಳತೆಯನ್ನು ಮಾರುವವನು ಬಲ್ಲನೆಂಬ ಈ ನಂಬಿಕೆ ನಗರದ ಅಂಗಡಿಗಳಲ್ಲಿ ಯಾವ ರೂಪ ತಾಳುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ವಿದ್ವಾಂಸರು ಹೆಚ್ಚಾಗಿ ಎತ್ತಿಲ್ಲ. ಮುದ್ರಿತ ಸರಕನ್ನು, ಅದರಲ್ಲಿಯೂ ಮಕ್ಕಳ ಆಟಿಕೆಯೆಂದು ಕಡೆಗಣಿಸಲಾದ ಚಿತ್ರಕಥೆಗಳನ್ನು ಮಾರುವ ಅಂಗಡಿಯಂತೂ ಜಾನಪದದ ಎಲ್ಲೆಯಿಂದ ಹೊರಗೇ ಉಳಿದಿದೆ.

ಆದರೆ ಕನಿಷ್ಠ ಒಂದು ಸಮಾನ ಅಂಶವನ್ನು ಹಂಚಿಕೊಂಡ ಯಾವ ಗುಂಪನ್ನಾದರೂ 'ಜನಪದ'ವೆಂದು ಪರಿಗಣಿಸಬಹುದೆಂಬ ಅಲನ್ ಡಂಡೆಸ್ ಅವರ ವ್ಯಾಖ್ಯೆ ನಮ್ಮ ವಿಶ್ವವಿದ್ಯಾನಿಲಯಗಳ ಜಾನಪದ ತರಗತಿಗಳಲ್ಲಿ ಪರಿಚಿತವಾದುದು. ಡಂಡೆಸ್ ಅವರು 1963ರಿಂದ ಬೋಧಿಸುತ್ತಿದ್ದುದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ. ಅದೇ ಊರಿನ ಟೆಲಿಗ್ರಾಫ್ ಅವೆನ್ಯೂ ಎಂಬ ಬೀದಿಯಲ್ಲಿ 1972ರಲ್ಲಿ 'ಕಾಮಿಕ್ಸ್ ಅಂಡ್ ಕಾಮಿಕ್ಸ್' ಎಂಬ ಅಂಗಡಿಯೊಂದು ತೆರೆಯಿತು. ಕಾಮಿಕ್ಸ್ ಪುಸ್ತಕಗಳನ್ನೇ ಮಾರುವ ಅಂಗಡಿಗಳ ಸರಣಿಯೊಂದು ಅಮೆರಿಕದಲ್ಲಿ ಮೊದಲಿಗೆ ಬೆಳೆದದ್ದು ಅಲ್ಲಿಂದ. ವ್ಯಾಖ್ಯೆಯೂ ಅದಕ್ಕೆ ಒಪ್ಪುವ ಉದಾಹರಣೆಯೂ ನೆರೆಹೊರೆಯಲ್ಲಿದ್ದವೆಂಬುದು ಕಾಕತಾಳೀಯವಿರಬಹುದು. ಪ್ರಸ್ತುತ ಲೇಖನವು ಅಂತಹ ಅಂಗಡಿಯಲ್ಲಿ ಗಿರಾಕಿಗೆ ಸಿಗುವ ಆದರ ಮತ್ತು ಅನಾದರಗಳೆರಡಕ್ಕೂ ಕಾರಣವಾದ ವ್ಯಾಪಾರದ ಷರತ್ತೊಂದನ್ನು ಹಿಡಿದು, ಆ ಸಂಬಂಧದ ಚರಿತ್ರೆಯನ್ನು ಪರಿಶೀಲಿಸುತ್ತದೆ.

ಹೆಸರಿಲ್ಲದ ಗಿರಾಕಿ

1938ರಲ್ಲಿ 'ಆಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಕಾಣಿಸಿಕೊಂಡಾಗ ಅದರ ಬೆಲೆ 10 ಸೆಂಟ್. ಅಂದು ಕಾಮಿಕ್ಸ್‌ಗೆಂದೇ ಪ್ರತ್ಯೇಕ ಅಂಗಡಿಗಳಿರಲಿಲ್ಲ. ಪತ್ರಿಕೆ ಮಾರುವ ಬೀದಿ ಮಳಿಗೆ, ಔಷಧದ ಅಂಗಡಿ, ಮಿಠಾಯಿ ಅಂಗಡಿ, ಕಿರಾಣಿ ಅಂಗಡಿಗಳಲ್ಲಿ, ಮುಂದೆ ತಿರುಗುವ ತಂತಿಯ ಸ್ಟ್ಯಾಂಡುಗಳಲ್ಲಿ, ಇತರ ನಿಯತಕಾಲಿಕೆಗಳ ನಡುವೆ ಅವು ತೂಗುತ್ತಿದ್ದವು. ಮಾರಾಟವಾಗದೆ ಉಳಿದ ಪ್ರತಿಗಳನ್ನು ವ್ಯಾಪಾರಿ ಹಿಂದಿರುಗಿಸಬಹುದಾಗಿತ್ತು. ಇಡೀ ಪುಸ್ತಕವನ್ನು ಸಾಗಿಸುವ ಖರ್ಚು ಉಳಿಸಲು ಮುಖಪುಟವನ್ನು ಅಥವಾ ಅದರ ಶೀರ್ಷಿಕೆಯ ಪಟ್ಟಿಯನ್ನು ಮಾತ್ರ ಹರಿದು ಕಳಿಸಿದರೆ ಹಣ ಜಮೆಯಾಗುತ್ತಿತ್ತು. ಯಾವ ಸಂಚಿಕೆ ಬರುತ್ತದೆ, ಎಷ್ಟು ಬರುತ್ತದೆ ಎಂಬುದನ್ನು ತೀರ್ಮಾನಿಸುತ್ತಿದ್ದವನು ವಿತರಕ. ಅಂಗಡಿಕಾರನಿಗೆ ಅದರ ಒಳಗೇನಿದೆ ಎಂದು ತಿಳಿಯುವ ಅಗತ್ಯವೇ ಇರಲಿಲ್ಲ.

ಲಾಭ ಅತ್ಯಲ್ಪ, ನಷ್ಟ ಇಲ್ಲವೇ ಇಲ್ಲ ಎಂಬ ಈ ವ್ಯವಸ್ಥೆಯಲ್ಲಿ ಕೊಳ್ಳುವ ಮಗುವಿಗೆ ಹೆಸರಿರಲಿಲ್ಲ. ಆ ಕಾಲದ ಓದುಗರ ನೆನಪುಗಳಲ್ಲಿ ಮತ್ತೆ ಮತ್ತೆ ಬರುವ ಚಿತ್ರವೆಂದರೆ, ನಿಂತಲ್ಲೇ ಪುಟ ಮಗುಚುತ್ತಿದ್ದ ಹುಡುಗನನ್ನು 'ಇದೇನು ಲೈಬ್ರರಿಯೆ?' ಎಂದು ಗದರಿಸುವ ಅಂಗಡಿಕಾರನದು. ಈ ಗದರಿಕೆಯು ಹೆಚ್ಚು ಕಡಿಮೆ ಒಂದೇ ಮಾತಿನಲ್ಲಿ ಬೇರೆ ಬೇರೆ ಊರುಗಳಿಂದ ಕೇಳಿಬರುವುದರಿಂದ ಅದನ್ನೊಂದು ಜನಪದ ಆಶಯವೆಂದೇ ಗುರುತಿಸಬಹುದು. ಇದರ ಮರುಮಗ್ಗುಲೂ ಇದೆ. ಕಥೆಯೊಂದರ ಮೊದಲ ಭಾಗ ಈ ತಿಂಗಳು ಸಿಕ್ಕಿ, ಎರಡನೆಯ ಭಾಗ ಆ ಬೀದಿಗೆ ಬಾರದೆಯೇ ಹೋಗಬಹುದಿತ್ತು. ಅದಕ್ಕಾಗಿ ದೂರಲು ಯಾರೂ ಇರಲಿಲ್ಲ.

1954ರಲ್ಲಿ ಫ್ರೆಡ್ರಿಕ್ ವರ್ಥಮ್ ಅವರ ಗ್ರಂಥ, ಅಮೆರಿಕದ ಸೆನೆಟ್ ಉಪಸಮಿತಿಯ ವಿಚಾರಣೆ ಹಾಗೂ ಅದೇ ವರ್ಷ ಪ್ರಕಾಶಕರೇ ಸ್ಥಾಪಿಸಿಕೊಂಡ ಕಾಮಿಕ್ಸ್ ಸಂಹಿತೆ ಪ್ರಾಧಿಕಾರಗಳು ಈ ಸರಕಿಗೆ ಕೆಟ್ಟ ಹೆಸರನ್ನಂಟಿಸಿದವು. ಅನಂತರದ ಎರಡು ದಶಕಗಳಲ್ಲಿ ಮೂಲೆಯ ಸಣ್ಣ ಅಂಗಡಿಗಳು ಸೂಪರ್ ಮಾರುಕಟ್ಟೆಗಳೆದುರು ಸೊರಗಿದವು. 12 ಸೆಂಟ್, 20 ಸೆಂಟ್‌ಗಳ ಪುಸ್ತಕ ಮಾರಿ ಬರುವ ಲಾಭ ಅದು ಆಕ್ರಮಿಸುವ ಜಾಗದ ಬಾಡಿಗೆಗೂ ಸಾಲದೆಂದು ವ್ಯಾಪಾರಿಗಳಿಗೆ ಅನ್ನಿಸತೊಡಗಿತು.

ಮರಳಿಸಲಾಗದ ಷರತ್ತು

1968ರಲ್ಲಿ ಗ್ಯಾರಿ ಆರ್ಲಿಂಗ್ಟನ್ ಅವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೆರೆದ 'ಸ್ಯಾನ್ ಫ್ರಾನ್ಸಿಸ್ಕೋ ಕಾಮಿಕ್ ಬುಕ್ ಕಂಪನಿ'ಯನ್ನು ಈ ಬಗೆಯ ಮೊಟ್ಟಮೊದಲ ಅಂಗಡಿಗಳಲ್ಲೊಂದೆಂದು ಪರಿಗಣಿಸಲಾಗುತ್ತದೆ. ಹಳೆಯ ಸಂಚಿಕೆಗಳ ವಿನಿಮಯ ಮತ್ತು ಅಂದಿನ ಪ್ರತಿಸಂಸ್ಕೃತಿಯ ಭೂಗತ ಕಾಮಿಕ್ಸ್ ಇವುಗಳ ಮುಖ್ಯ ಬಂಡವಾಳ. 1970ರಲ್ಲಿ ರಾಬರ್ಟ್ ಓವರ್‌ಸ್ಟ್ರೀಟ್ ಅವರ ಬೆಲೆ ಕೈಪಿಡಿ ಪ್ರಕಟವಾಗಿ, ಹಳೆಯ ಸಂಚಿಕೆಗೆ ಅದರ ಸ್ಥಿತಿಯನ್ನನುಸರಿಸಿ ಬೆಲೆ ಕಟ್ಟುವ ಕ್ರಮ ನೆಲೆಗೊಂಡಿತು. ಆದರೆ ಹೊಸ ಸಂಚಿಕೆಗಳಿಗಾಗಿ ಈ ಅಂಗಡಿಗಳು ಅದೇ ಹಳೆಯ ಪತ್ರಿಕಾ ವಿತರಕರನ್ನು ಆಶ್ರಯಿಸಬೇಕಾಗಿತ್ತು. ಬೇಕಾದುದನ್ನು ಬೇಕಾದಷ್ಟು ತರಿಸಿಕೊಳ್ಳುವ ಸ್ವಾತಂತ್ರ್ಯ ಅವರಿಗಿರಲಿಲ್ಲ.

ಇಲ್ಲಿ ಫಿಲ್ ಸ್ಯೂಲಿಂಗ್ ಎಂಬವರ ಪಾತ್ರ ನಿರ್ಣಾಯಕವಾದುದು. ಬ್ರೂಕ್ಲಿನ್‌ನ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಉಪಾಧ್ಯಾಯರಾಗಿದ್ದು, 1968ರಿಂದ ನ್ಯೂಯಾರ್ಕಿನಲ್ಲಿ ಕಾಮಿಕ್ಸ್ ಸಮ್ಮೇಳನಗಳನ್ನು ನಡೆಸುತ್ತಿದ್ದ ಸ್ಯೂಲಿಂಗ್ ಅವರು 1973ರ ಸುಮಾರಿಗೆ ಡಿಸಿ, ಮಾರ್ವೆಲ್ ಮೊದಲಾದ ಪ್ರಕಾಶಕರೊಡನೆ ಒಂದು ಒಪ್ಪಂದಕ್ಕೆ ಬಂದರು. ಸಂಚಿಕೆಗಳನ್ನು ನೇರವಾಗಿ ಪಡೆಯುವುದು, ಹೆಚ್ಚಿನ ರಿಯಾಯಿತಿ ಪಡೆಯುವುದು, ಅದಕ್ಕೆ ಪ್ರತಿಯಾಗಿ ಉಳಿದ ಪ್ರತಿಗಳನ್ನು ಹಿಂದಿರುಗಿಸದಿರುವುದು ಅದರ ತಿರುಳು. ಅವರ 'ಸೀ ಗೇಟ್' ಸಂಸ್ಥೆಯ ಮೂಲಕ, ಇಲಿನಾಯ್ ರಾಜ್ಯದ ಸ್ಪಾರ್ಟಾದ ಮುದ್ರಣಾಲಯದಿಂದ ಕಟ್ಟುಗಳು ನೇರವಾಗಿ ಅಂಗಡಿಗಳಿಗೆ ಹೊರಟವು. ಮುಂದೆ 'ಡೈರೆಕ್ಟ್ ಮಾರ್ಕೆಟ್' ಎಂದು ಹೆಸರಾದ ವ್ಯವಸ್ಥೆ ಇದೇ. ಈ ವ್ಯವಹಾರದಲ್ಲಿ ಸ್ಯೂಲಿಂಗ್ ಅವರಿಗಿದ್ದ ಏಕಸ್ವಾಮ್ಯವನ್ನು ಪ್ರಶ್ನಿಸಿ 'ಇರ್ಜಾಕ್ಸ್' ಎಂಬ ಪ್ರತಿಸ್ಪರ್ಧಿ ಸಂಸ್ಥೆ 1978ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ ಬಳಿಕ ಇತರ ವಿತರಕರಿಗೂ ಬಾಗಿಲು ತೆರೆಯಿತು. 1981ರಲ್ಲಿ ಮಾರ್ವೆಲ್ ತನ್ನ 'ಡ್ಯಾಝ್ಲರ್' ಮೊದಲ ಸಂಚಿಕೆಯನ್ನು ಈ ಅಂಗಡಿಗಳಿಗೆಂದೇ ಹೊರತಂದಾಗ 4 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು.

ಆರ್ಥಿಕ ಚರಿತ್ರೆಕಾರರು ಈ ಒಪ್ಪಂದವನ್ನು ವಿತರಣೆಯ ಸುಧಾರಣೆಯಾಗಿ ಕಾಣುತ್ತಾರೆ. ಅದು ತಪ್ಪಲ್ಲ. ಜಾನಪದದ ದೃಷ್ಟಿಯಿಂದ ಮುಖ್ಯವಾಗುವುದು ಮಾತ್ರ ಬೇರೆ. ಉಳಿದ ಪ್ರತಿಯ ನಷ್ಟವನ್ನು ಅದುವರೆಗೆ ಪ್ರಕಾಶಕ ಹೊರುತ್ತಿದ್ದ. ಇನ್ನು ಮುಂದೆ ಅದು ಅಂಗಡಿಕಾರನ ತಲೆಯ ಮೇಲೆ ಬಿತ್ತು. 10 ಪ್ರತಿ ತರಿಸಿ 8 ಮಾರಿದರೆ ಆ ಸಂಚಿಕೆಯ ಲಾಭವೆಲ್ಲ ಉಳಿದೆರಡರಲ್ಲಿ ಕರಗಿಹೋಗಬಹುದು. 8 ತರಿಸಿ 10 ಜನ ಬಂದರೆ ಇಬ್ಬರು ಬರಿಗೈಯಲ್ಲಿ ಹೋಗುತ್ತಾರೆ, ಮತ್ತೆ ಬಾರದಿರಲೂಬಹುದು. ಹೀಗಾಗಿ ಪ್ರತಿಯೊಬ್ಬ ಗಿರಾಕಿಯ ರುಚಿಯನ್ನು, ಅವನ ಸಂಬಳದ ದಿನವನ್ನು, ಅವನ ಮಾತಿನ ಬೆಲೆಯನ್ನು ಬಲ್ಲವನಾಗಿರುವುದು ಅಂಗಡಿಕಾರನಿಗೆ ಬದುಕುಳಿಯುವ ಉಪಾಯವಾಯಿತು. ಮಿಠಾಯಿ ಅಂಗಡಿಯಲ್ಲಿ ಹೆಸರಿಲ್ಲದಿದ್ದ ಹುಡುಗನಿಗೆ ಇಲ್ಲಿ ಹೆಸರು ಬಂದುದರ ಹಿಂದೆ ಸ್ನೇಹಕ್ಕಿಂತ ಮೊದಲು ಈ ಲೆಕ್ಕಾಚಾರವಿತ್ತು.

ವರ್ತನೆಯ ಪಟ್ಟಿ

ಈ ಅಗತ್ಯದಿಂದ ಹುಟ್ಟಿದ ಆಚರಣೆಯೇ 'ಪುಲ್ ಲಿಸ್ಟ್'. ಗಿರಾಕಿಯು ತನಗೆ ಪ್ರತಿ ತಿಂಗಳೂ ಬೇಕಾದ ಮಾಲಿಕೆಗಳ ಹೆಸರನ್ನು ಬರೆದುಕೊಡುತ್ತಾನೆ. ಸರಕು ಬಂದ ದಿನ ಅಂಗಡಿಕಾರನು ಕಟ್ಟು ಬಿಚ್ಚಿ, ಎಣಿಸಿ, ಸ್ಟ್ಯಾಂಡಿಗೇರಿಸುವ ಮುನ್ನವೇ ಆ ಪ್ರತಿಗಳನ್ನು ಎಳೆದು, ಗಿರಾಕಿಯ ಹೆಸರು ಬರೆದ ಖಾನೆಯಲ್ಲಿಯೋ ರಟ್ಟಿನ ಪೆಟ್ಟಿಗೆಯಲ್ಲಿಯೋ ಇಡುತ್ತಾನೆ. ಮುಂಗಡ ಕೊಡಬೇಕೆಂಬ ನಿಯಮ ಸಾಮಾನ್ಯವಾಗಿ ಇರುವುದಿಲ್ಲ. ಎಷ್ಟೋ ಕಡೆ ಪಟ್ಟಿಯಿಟ್ಟವರಿಗೆ ಬೆಲೆಯಲ್ಲಿ ಸ್ವಲ್ಪ ರಿಯಾಯಿತಿಯೂ ಉಂಟು. ಹಳೆಯ ಮೈಸೂರು ಸೀಮೆಯಲ್ಲಿ ಹಾಲಿನವರೊಡನೆ 'ವರ್ತನೆ' ಗೊತ್ತುಮಾಡಿಕೊಳ್ಳುವ ಪದ್ಧತಿಯನ್ನು ಬಲ್ಲವರಿಗೆ ಇದು ಹೊಸದೆನಿಸದು. ಬೆಳಗಿನ ಹೊತ್ತು ಇಂತಿಷ್ಟು ಪಾವು ಈ ಮನೆಗೆಂದು ಮೀಸಲು; ಮನೆಯವರು ಊರಿಗೆ ಹೋಗುವುದಾದರೆ ಮೊದಲೇ ತಿಳಿಸಬೇಕು; ತಿಳಿಸದಿದ್ದರೆ ಹಾಲು ಕೆಟ್ಟರೂ ಲೆಕ್ಕ ಕೆಡದು. ಕಾಮಿಕ್ಸ್ ಅಂಗಡಿಯ ಪಟ್ಟಿಯೂ ಇಂತಹುದೇ ಬಾಯಿಮಾತಿನ ಕರಾರು. ವ್ಯತ್ಯಾಸವೆಂದರೆ ಹಾಲು ಅಂದಂದಿಗೆ ಕರೆದದ್ದು, ಕಾಮಿಕ್ಸ್ ಎರಡು ತಿಂಗಳಿಗೂ ಹೆಚ್ಚು ಮೊದಲೇ ಹೇಳಿಕಳಿಸಿದ್ದು.

ಈ ಕಾಲಾಂತರ ಗಮನಾರ್ಹ. 'ಡೈಮಂಡ್' ಎಂಬ ವಿತರಣಾ ಸಂಸ್ಥೆ 1988ರಿಂದ ಹೊರತಂದ 'ಪ್ರಿವ್ಯೂಸ್' ಎಂಬ ದಪ್ಪನೆಯ ಮಾಸಿಕ ಪಟ್ಟಿಯನ್ನು ನೋಡಿ, ಇನ್ನೂ ಅಚ್ಚಾಗದ, ಎಷ್ಟೋ ವೇಳೆ ಬರೆದೂ ಮುಗಿಯದ ಕಥೆಗಳಿಗೆ ಅಂಗಡಿಕಾರನು ಸಂಖ್ಯೆ ನಮೂದಿಸಬೇಕಾಗಿತ್ತು. ಮುಂದೆ ಪ್ರಕಟಣೆಗೆ ಮೂರು ವಾರ ಮೊದಲು ಸಂಖ್ಯೆಯನ್ನು ತಿದ್ದುವ ಅವಕಾಶ ದೊರೆಯಿತಾದರೂ ಊಹೆಯ ಭಾರವೇನೂ ತಗ್ಗಲಿಲ್ಲ. ಹೇಳಿಟ್ಟು ಬಾರದ ಗಿರಾಕಿ ಆದ್ದರಿಂದಲೇ ಈ ಅಂಗಡಿಗಳ ದೊಡ್ಡ ಕಥಾಪಾತ್ರ. ತಿಂಗಳುಗಟ್ಟಲೆ ತುಂಬುತ್ತಾ ಹೋದ ಪೆಟ್ಟಿಗೆ, ಎತ್ತದ ದೂರವಾಣಿ, ಕಡೆಗೊಂದು ದಿನ ಏನೂ ಆಗಿಲ್ಲವೆಂಬಂತೆ ಬಂದು ಅದರಲ್ಲೊಂದೇ ಒಂದನ್ನು ಕೊಂಡುಹೋಗುವ ಮನುಷ್ಯ: ಅಂಗಡಿಕಾರರು ಒಂದೆಡೆ ಸೇರಿದಾಗ ಹೇಳಿಕೊಳ್ಳುವ ಪ್ರಸಂಗಗಳಲ್ಲಿ ಇವು ಪದೇ ಪದೇ ಬರುತ್ತವೆ. ಗಿರಾಕಿಗಳ ಕಡೆಯಲ್ಲಿಯೂ ಇದಕ್ಕೆ ಸರಿಸಮನಾದ ಪ್ರಸಂಗಗಳಿವೆ. ಪಟ್ಟಿಯಲ್ಲಿದ್ದ ಸಂಚಿಕೆ ಪೆಟ್ಟಿಗೆಗೆ ಬಾರದೆ ಬೇರೊಬ್ಬರಿಗೆ ಮಾರಿಹೋದದ್ದು, ಹಠಾತ್ತನೆ ಬೆಲೆಯೇರಿದ ಸಂಚಿಕೆಯನ್ನು ಅಂಗಡಿಯವನೇ ಎತ್ತಿಟ್ಟುಕೊಂಡದ್ದು, ಮೂಲೆ ಮಡಿಸಿದ ಪ್ರತಿಯನ್ನು ಮಾತಾಡದೆ ಚೀಲಕ್ಕೆ ಸೇರಿಸಿದ್ದು. ಎರಡೂ ಕಡೆಯವರು ದೂರುವುದು ಬೆಲೆಯನ್ನಲ್ಲ, ಮಾತು ತಪ್ಪಿದುದನ್ನು.

ವಾರದ ಒಂದು ದಿನ ಈ ಸಂಬಂಧವೆಲ್ಲ ಒಂದೆಡೆ ಕೂಡುತ್ತದೆ. 1990ರ ದಶಕದಿಂದೀಚೆಗೆ ಹೊಸ ಸಂಚಿಕೆಗಳು ದೇಶಾದ್ಯಂತ ಬುಧವಾರದಂದು ಮಾರಾಟಕ್ಕೆ ಬರುವ ರೂಢಿ ನೆಲೆಯಾಯಿತು. ಇದು ಸಂತೆಯ ದಿನವನ್ನು ಹೋಲುತ್ತದೆ. ಕಚೇರಿ ಮುಗಿಸಿ, ಅಥವಾ ಊಟದ ವಿರಾಮದಲ್ಲಿ, ವರ್ಷಗಟ್ಟಲೆ ಅದೇ ಹೊತ್ತಿಗೆ ಬರುವ ಗಿರಾಕಿಗಳು ಪರಸ್ಪರರ ಪೂರ್ಣ ಹೆಸರನ್ನೂ ಅರಿಯದೆ ಪರಿಚಿತರಾಗಿರುತ್ತಾರೆ. ಗಲ್ಲಾದ ಮುಂದಿನ ಮಾತುಕತೆಗೆ ಅದರದೇ ಕಟ್ಟಳೆಗಳಿವೆ. ಇನ್ನೂ ಓದದವರ ಮುಂದೆ ಕಥೆಯ ಮುಕ್ತಾಯವನ್ನು ಹೇಳಕೂಡದು. ಹಳೆಯ ಸಂಚಿಕೆಗಳ ಉದ್ದನೆಯ ಪೆಟ್ಟಿಗೆಯಲ್ಲಿ ಒಬ್ಬರು ಹುಡುಕುತ್ತಿರುವಾಗ ಮತ್ತೊಬ್ಬರು ಕೈಹಾಕಕೂಡದು. ಪ್ಲಾಸ್ಟಿಕ್ ಹೊದಿಕೆಯಿಂದ ಪುಸ್ತಕ ತೆಗೆಯುವ ಮುನ್ನ ಕೇಳಬೇಕು. ಇವು ಯಾವುದೂ ಬರೆದಿಟ್ಟ ನಿಯಮಗಳಲ್ಲ. ತಪ್ಪಿದವರಿಗೆ ಇತರರ ಮೌನದಿಂದಲೇ ತಿಳಿಯುತ್ತದೆ.

ಹಳೆಯ ಸಂಚಿಕೆಗಳನ್ನು ಮಾರಲು ಬರುವವರೊಡನೆ ನಡೆಯುವ ವ್ಯವಹಾರವಂತೂ ಬೇರೆಯೇ ಸ್ವರೂಪದ್ದು. ಅಜ್ಜನ ಅಟ್ಟದಲ್ಲಿ ಸಿಕ್ಕ ಪೆಟ್ಟಿಗೆಯನ್ನು ಹೊತ್ತು, ಕೈಪಿಡಿಯಲ್ಲಿ ನಮೂದಾದ ಬೆಲೆಯನ್ನೇ ನಂಬಿ ಬಂದವರಿಗೆ ಅಂಗಡಿಕಾರ ಅದರ ಒಂದಂಶವನ್ನಷ್ಟೇ ಹೇಳಿದಾಗ ಮೋಸವೆನಿಸುವುದು ಸಹಜ. ಬಾಡಿಗೆ, ದೀಪದ ಖರ್ಚು, ಮಾರಾಟವಾಗುವವರೆಗಿನ ಕಾಯುವಿಕೆ ಇವೆಲ್ಲ ಅವನ ಲೆಕ್ಕದಲ್ಲಿರುತ್ತವೆ, ಬಂದವರ ಲೆಕ್ಕದಲ್ಲಿರುವುದಿಲ್ಲ. ಚಿನ್ನಬೆಳ್ಳಿ ಅಂಗಡಿಯಲ್ಲಿ ಹಳೆಯ ಒಡವೆ ತೂಗಿಸುವಾಗಿನ ಮನಸ್ತಾಪವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕಟ್ಟೆಯ ಮೇಲೆ ಕುಳಿತವರು

ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ ಅವರು 1989ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಮನೆ ಮತ್ತು ಕೆಲಸದ ಜಾಗಗಳೆರಡೂ ಅಲ್ಲದ, ಜನ ಸುಮ್ಮನೆ ಬಂದು ಸೇರುವ ನೆಲೆಯನ್ನು 'ಮೂರನೆಯ ತಾಣ'ವೆಂದು ಕರೆದರು. ಕಾಮಿಕ್ಸ್ ಅಂಗಡಿಯನ್ನು ಅಂತಹ ತಾಣವೆಂದು ಹೊಗಳುವುದು ಅಮೆರಿಕದ ಬರಹಗಳಲ್ಲಿ ವಾಡಿಕೆಯಾಗಿದೆ. ನಮ್ಮ ಅರಳಿಕಟ್ಟೆಯನ್ನೂ ಹೀಗೆಯೇ ಹೊಗಳಲಾಗುತ್ತದೆ. ಆದರೆ ಅರಳಿಕಟ್ಟೆಯ ಮೇಲೆ ಯಾರು ಕೂರಬಹುದಿತ್ತು, ಯಾರು ದೂರ ನಿಲ್ಲಬೇಕಿತ್ತು, ಯಾವ ಹೆಂಗಸು ಅದರ ಮುಂದೆ ತಲೆತಗ್ಗಿಸಿ ನಡೆಯಬೇಕಿತ್ತು ಎಂಬುದನ್ನು ಕೇಳದೆ ಕಟ್ಟೆಯ ವರ್ಣನೆ ಪೂರ್ಣವಾಗದು. ಕಾಮಿಕ್ಸ್ ಅಂಗಡಿಗೂ ಈ ಪ್ರಶ್ನೆಯನ್ನು ಕೇಳಬೇಕಾಗಿದೆ.

ಪಟ್ಟಿಯಿಟ್ಟ ಗಿರಾಕಿಯೇ ಅಂಗಡಿಯ ಜೀವಾಳವಾದಾಗ, ಅಂಗಡಿಯ ಸರಕು, ಗೋಡೆಯ ಚಿತ್ರಗಳು, ನಗೆಮಾತುಗಳು ಎಲ್ಲವೂ ಅವನಿಗೆ ತಕ್ಕಂತೆ ಒಗ್ಗುತ್ತವೆ. ಅವನು ಬಹುಪಾಲು ಬಿಳಿಯ ಯುವಕ, ಅವನ ಓದು ಬಹುಪಾಲು ಮಹಾವೀರರ ಕಥೆ. ಹೊಸದಾಗಿ ಒಳಬಂದವರು ಪಟ್ಟಿಯಲ್ಲಿಲ್ಲದವರು. ಅವರಿಗೆಂದು ತರಿಸಿದ ಪುಸ್ತಕ ಉಳಿದರೆ ಹಿಂದಿರುಗಿಸಲಾಗದು. ಅದೇ ಷರತ್ತು ಒಳಗಿನವರಿಗೆ ಆದರವನ್ನೂ ಹೊರಗಿನವರಿಗೆ ತಾತ್ಸಾರವನ್ನೂ ಒದಗಿಸಿತೆಂದು ಇಲ್ಲಿ ಗುರುತಿಸಬಹುದು. 'ದಿ ಸಿಂಪ್ಸನ್ಸ್' ಎಂಬ ದೂರದರ್ಶನ ವ್ಯಂಗ್ಯಚಿತ್ರ ಮಾಲಿಕೆಯಲ್ಲಿ 1991ರಲ್ಲಿ ಕಾಣಿಸಿಕೊಂಡ ಕಾಮಿಕ್ಸ್ ಅಂಗಡಿಯವನು, ಸರ್ವಜ್ಞನಂತೆ ನುಡಿದು ಗಿರಾಕಿಗಳನ್ನು ಹೀಯಾಳಿಸುವ ಸ್ಥೂಲಕಾಯದ ಪಾತ್ರ. ಅವನು ಒಂದು ಪಡಿಯಚ್ಚಾಗಿ ಅಷ್ಟು ಬೇಗ ಹಬ್ಬಿದ್ದಕ್ಕೆ ಜನರ ಅನುಭವದ ಬೆಂಬಲವಿತ್ತು. ಆ ಪಾತ್ರಕ್ಕೆ ಸ್ವಂತ ಹೆಸರು ದೊರೆತದ್ದು 2005ರಲ್ಲಿ ಮಾತ್ರ ಎಂಬುದೂ ಅರ್ಥಪೂರ್ಣ: ಗಿರಾಕಿಗೆ ಹೆಸರು ಬಂದ ಅಂಗಡಿಯಲ್ಲಿ ಅಂಗಡಿಕಾರನೇ ಹೆಸರಿಲ್ಲದವನಾಗಿದ್ದ.

ಹೆಣ್ಣುಮಕ್ಕಳ ಅನುಭವವನ್ನು ಕುರಿತ ಸಂಘಟಿತ ಮಾತು ಆರಂಭವಾದದ್ದು 1994ರಲ್ಲಿ ಸ್ಥಾಪಿತವಾದ 'ಫ್ರೆಂಡ್ಸ್ ಆಫ್ ಲುಲು' ಎಂಬ ಸಂಸ್ಥೆಯಿಂದ. ಅದು ಅಂಗಡಿಕಾರರಿಗೆಂದೇ ಒಂದು ಕೈಪಿಡಿಯನ್ನೂ ಹೊರತಂದಿತು. ಮಹಿಳೆಯರು ಅಂಗಡಿಯೊಳಗೆ ಬರುವಂತೆ ಮಾಡುವುದು ಹೇಗೆ ಎಂಬುದೇ ಅದರ ವಸ್ತು. ಹೆಣ್ಣೊಬ್ಬಳು ಒಳಬಂದೊಡನೆ ಮಾತು ನಿಂತುಹೋಗುವುದು, ಇಲ್ಲವೆ ಅವಳನ್ನು ಪರೀಕ್ಷೆಗೊಡ್ಡುವಂತೆ ಪ್ರಶ್ನಿಸುವುದು, ಜೊತೆಗಿರುವ ಗಂಡಸನ್ನಷ್ಟೇ ಮಾತನಾಡಿಸುವುದು ಇವು ಅಮೆರಿಕದ ಓದುಗತಿಯರ ನೆನಪುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. 2013ರಲ್ಲಿ ಕೇಟ್ ಲೆತ್ ಅವರು ಕಾಮಿಕ್ಸ್ ಅಂಗಡಿಗಳಲ್ಲಿ ದುಡಿಯುವ ಮಹಿಳೆಯರ 'ವ್ಯಾಲ್ಕಿರೀಸ್' ಎಂಬ ಒಕ್ಕೂಟವನ್ನು ಕಟ್ಟಿದರು. ಅದು 2018ರವರೆಗೆ ನಡೆಯಿತು. 2015ರ ಡಿಸೆಂಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಏರಿಯೆಲ್ ಜಾನ್ಸನ್ ಅವರು ತೆರೆದ 'ಅಮಾಲ್ಗಮ್' ಎಂಬ ಕಾಫಿ ಸಹಿತದ ಅಂಗಡಿಯು, ಅಮೆರಿಕದ ಪೂರ್ವ ಕರಾವಳಿಯಲ್ಲಿ ಕಪ್ಪು ಮಹಿಳೆಯೊಬ್ಬರ ಒಡೆತನದ ಮೊದಲ ಕಾಮಿಕ್ಸ್ ಅಂಗಡಿಯೆಂದು ದಾಖಲಾಗಿದೆ. ಒಂದು ಅಂಗಡಿ ತೆರೆದುದೇ ಸುದ್ದಿಯಾಗಬೇಕಾದರೆ ಅದುವರೆಗಿನ ಕಟ್ಟೆ ಎಷ್ಟು ಕಿರಿದಾಗಿತ್ತೆಂಬುದನ್ನು ಊಹಿಸಬಹುದು. ಆ ಮಳಿಗೆ 2022ರಲ್ಲಿ ಮುಚ್ಚಿತು.

ಇದಕ್ಕೆ ವ್ಯತಿರಿಕ್ತವಾದ ಪರಂಪರೆಯೂ ಮೊದಲಿನಿಂದ ಇತ್ತೆಂಬುದನ್ನು ಮರೆಯಬಾರದು. ಬರ್ಕ್ಲಿಯಲ್ಲಿ 1987ರಲ್ಲಿ ರೋರಿ ರೂಟ್ ಅವರು ಆರಂಭಿಸಿದ 'ಕಾಮಿಕ್ ರಿಲೀಫ್' ತನ್ನನ್ನು ಕಾಮಿಕ್ಸ್ ಪುಸ್ತಕದಂಗಡಿಯೆಂದು ಕರೆದುಕೊಂಡು, ಸಂಗ್ರಾಹಕನಿಗಿಂತ ಓದುಗನನ್ನು ಮುಂದಿಟ್ಟಿತು. 1993ರಲ್ಲಿ ಉತ್ತಮ ಅಂಗಡಿಗಳಿಗಾಗಿ ವಿಲ್ ಐಸ್ನರ್ ಅವರ ಹೆಸರಿನ ಪ್ರಶಸ್ತಿ ಆರಂಭವಾದಾಗ ಅದನ್ನು ಪಡೆದವುಗಳಲ್ಲಿ ಅದೂ ಒಂದು.

ಅಪರಿಚಿತರ ಸಾಲು

1992ರ ನವೆಂಬರ್ 18ರಂದು ಸೂಪರ್‌ಮ್ಯಾನ್ ಸಾಯುವ ಸಂಚಿಕೆ ಹೊರಬಂದಾಗ ಅಂಗಡಿಗಳ ಮುಂದೆ ಸಾಲುಗಳು ನೆರೆದವು. ಕಪ್ಪು ಚೀಲದಲ್ಲಿ ಮುಚ್ಚಿದ, ಶೋಕಸೂಚಕ ತೋಳ್ಪಟ್ಟಿಯಿರಿಸಿದ ಆ ವಿಶೇಷ ಪ್ರತಿಯ ಬೆಲೆ 2.50 ಡಾಲರ್. ಸಾಲಿನಲ್ಲಿ ನಿಂತವರಲ್ಲಿ ಅನೇಕರು ಅಂಗಡಿಕಾರ ಹಿಂದೆಂದೂ ಕಾಣದವರು, ಮುಂದೆಯೂ ಕಾಣದವರು. ಚೀಲ ಬಿಚ್ಚದೆ ಇಟ್ಟರೆ ಮಕ್ಕಳ ಕಾಲೇಜು ಶುಲ್ಕಕ್ಕಾದೀತೆಂಬುದು ಅವರ ನಂಬಿಕೆ. ಹಿಂದಿನ ವರ್ಷ 'ಎಕ್ಸ್-ಮೆನ್' ಹೊಸ ಮಾಲಿಕೆಯ ಮೊದಲ ಸಂಚಿಕೆ ಐದು ಬಗೆಯ ಮುಖಪುಟಗಳೊಡನೆ 80 ಲಕ್ಷದಷ್ಟು ಪ್ರತಿ ಹೋಗಿತ್ತು. ಅಷ್ಟು ಪ್ರತಿಗಳಿದ್ದ ವಸ್ತು ಅಪರೂಪವಾಗುವುದೆಂತು ಎಂದು ಕೇಳುವ ವ್ಯವಧಾನ ಆಗ ಯಾರಿಗೂ ಇರಲಿಲ್ಲ.

ವರ್ತನೆಯ ಗಿರಾಕಿಗಳಿಗೆಂದು ಎತ್ತಿಟ್ಟು, ಒಬ್ಬರಿಗೆ ಒಂದೇ ಪ್ರತಿಯೆಂದು ಕಟ್ಟುನಿಟ್ಟು ಮಾಡಿದ ಅಂಗಡಿಗಳಿದ್ದವು. ಬಾಗಿಲಲ್ಲಿಯೇ ಬೆಲೆಯೇರಿಸಿದವರೂ ಇದ್ದರು. ಯಾರು ಯಾವ ಗುಂಪಿನವರೆಂಬುದನ್ನು ಗಿರಾಕಿಗಳು ಬಹುಕಾಲ ನೆನಪಿಟ್ಟುಕೊಂಡರು. ಮರುವರ್ಷ ಸೂಪರ್‌ಮ್ಯಾನ್ ಮರಳುವ ಕಥೆಯ ಮುನ್ನಡಿಯಾದ 'ಅಡ್ವೆಂಚರ್ಸ್ ಆಫ್ ಸೂಪರ್‌ಮ್ಯಾನ್' 500ನೆಯ ಸಂಚಿಕೆಯನ್ನು ಅದೇ ಭರವಸೆಯಿಂದ ರಾಶಿಗಟ್ಟಲೆ ತರಿಸಿದಾಗ ಆ ಸಾಲು ಬರಲಿಲ್ಲ. ರಾಶಿಯನ್ನು ಹಿಂದಿರುಗಿಸುವಂತಿರಲಿಲ್ಲ. ದಶಕದ ಆರಂಭದಲ್ಲಿ ಸುಮಾರು 10 ಸಾವಿರದಷ್ಟಿದ್ದವೆಂದು ಅಂದಾಜಿಸಲಾದ ಅಂಗಡಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲವೇ ವರ್ಷಗಳಲ್ಲಿ ಕಣ್ಮರೆಯಾದವು. ಮುಚ್ಚಿದ ಅಂಗಡಿಯೊಡನೆ ಅದರ ಪೆಟ್ಟಿಗೆಗಳೂ, ಆ ಪೆಟ್ಟಿಗೆಗಳ ಮೇಲಿನ ಹೆಸರುಗಳೂ ಹೋದವು.

ಕೊಟ್ಟ ಕೈಗೆ ದಂಡ

ಗಿರಾಕಿ ಕೇಳಿದುದನ್ನು ಕೊಟ್ಟದ್ದಕ್ಕೇ ಅಂಗಡಿಯವನು ಸೆರೆಯಾದ ಪ್ರಸಂಗಗಳೂ ಈ ಚರಿತ್ರೆಯಲ್ಲಿವೆ. 1986ರ ಡಿಸೆಂಬರ್‌ನಲ್ಲಿ ಇಲಿನಾಯ್‌ನ ಲ್ಯಾನ್ಸಿಂಗ್ ಎಂಬ ಊರಿನ ಅಂಗಡಿಯೊಂದರ ವ್ಯವಸ್ಥಾಪಕನನ್ನು ಅಶ್ಲೀಲ ಕಾಮಿಕ್ಸ್ ಮಾರಾಟಕ್ಕಿಟ್ಟ ಆರೋಪದ ಮೇಲೆ ಬಂಧಿಸಲಾಯಿತು. ಶಿಕ್ಷೆಯಾಯಿತು, 1989ರಲ್ಲಿ ಮೇಲ್ಮನವಿಯಲ್ಲಿ ಅದು ರದ್ದಾಯಿತು. ಪ್ರಕಾಶಕ ಡೆನಿಸ್ ಕಿಚನ್ ಅವರು ಈ ಮೊಕದ್ದಮೆಗೆಂದು ಸಂಗ್ರಹಿಸಿದ ಹಣದಿಂದಲೇ ಕಾಮಿಕ್ಸ್ ಕಾನೂನು ರಕ್ಷಣಾ ನಿಧಿ ರೂಪುಗೊಂಡಿತು. ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ 1999ರಲ್ಲಿ ವಯಸ್ಕರ ವಿಭಾಗದಿಂದ, ವಯಸ್ಕನೇ ಆದ ಮಫ್ತಿಯ ಪೊಲೀಸನಿಗೆ ಜಪಾನಿ ಕಾಮಿಕ್ಸ್ ಮಾರಿದ ಉದ್ಯೋಗಿಗೆ ಮರುವರ್ಷ ಶಿಕ್ಷೆಯಾಯಿತು. 2003ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಅವನ ಅರ್ಜಿಯನ್ನು ಪರಿಗಣಿಸಲು ನಿರಾಕರಿಸಿತು. ಕಾಮಿಕ್ಸ್ ಎಂದರೆ ಮಕ್ಕಳದ್ದೇ ಎಂಬ 1954ರ ಭಾವನೆ ಸರ್ಕಾರಿ ವಕೀಲರ ವಾದದಲ್ಲಿ ಹಾಗೆಯೇ ಉಳಿದಿತ್ತು. ಗಿರಾಕಿಯ ಮುಖ ಬಲ್ಲವನಾಗಿರುವುದು ಅಂಗಡಿಕಾರನಿಗೆ ಈ ಕಾರಣಕ್ಕೂ ಅಗತ್ಯವಾಯಿತು.

ಕರ್ನಾಟಕದ ಅನುಭವ ಇದಕ್ಕಿಂತ ಭಿನ್ನ ದಾರಿ ಹಿಡಿದದ್ದನ್ನು ಹೋಲಿಕೆಗಾಗಿ ಇಲ್ಲಿ ಗಮನಿಸಬಹುದು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ 'ಅಮರ ಚಿತ್ರ ಕಥೆ'ಯಾಗಲಿ, 1964ರಿಂದ 1990ರವರೆಗೆ ಪ್ರಕಟವಾದ 'ಇಂದ್ರಜಾಲ ಕಾಮಿಕ್ಸ್' ಆಗಲಿ ಸಾಮಾನ್ಯ ಪುಸ್ತಕದಂಗಡಿ, ಬಸ್ ಹಾಗೂ ರೈಲು ನಿಲ್ದಾಣದ ಮಳಿಗೆಗಳಲ್ಲಿ ಮಾರಾಟವಾದವು. ಹೇಳಿಟ್ಟು ಕೊಳ್ಳುವ ಪದ್ಧತಿಯ ಬದಲು ಇಲ್ಲಿ ಬೆಳೆದದ್ದು ದಿನಕ್ಕಿಷ್ಟೆಂದು ಬಾಡಿಗೆಗೆ ಕೊಡುವ ಸರ್ಕ್ಯುಲೇಟಿಂಗ್ ಲೈಬ್ರರಿ. ಅಲ್ಲಿ ಪ್ರತಿಯೊಂದೂ ಮರಳಿ ಬರಲೇಬೇಕು. ತಡವಾದರೆ ದಂಡ, ಹರಿದರೆ ಬೈಗಳು. ಅಂಗಡಿಯವನಿಗೆ ಮಗುವಿನ ಹೆಸರಿನ ಜೊತೆಗೆ ಅದರ ತಂದೆಯ ಹೆಸರೂ ಮನೆಯ ಬೀದಿಯೂ ಗೊತ್ತಿರುತ್ತಿದ್ದವು. ಅಮೆರಿಕಕ್ಕೆ ವಲಸೆಹೋದ ಕುಟುಂಬಗಳ ಮಕ್ಕಳಿಗೂ ಅಮರ ಚಿತ್ರ ಕಥೆ ತಲುಪಿದ್ದು ಅಲ್ಲಿನ ಕಾಮಿಕ್ಸ್ ಅಂಗಡಿಗಿಂತ ಹೆಚ್ಚಾಗಿ ಬೇಳೆ, ಉಪ್ಪಿನಕಾಯಿಗಳನ್ನು ಮಾರುವ ಭಾರತೀಯ ದಿನಸಿ ಅಂಗಡಿಗಳ ಮೂಲಕ.

ಒಂದೇ ಲಾರಿ

ಅಮೆರಿಕದ ಅಂಗಡಿಯ ಸೇವೆ ಎಷ್ಟೇ ಸೊಗಸಾಗಿರಲಿ, ಅದು ವಿತರಕನ ಲಾರಿಯನ್ನು ಅವಲಂಬಿಸಿದೆ. 1994ರ ಕೊನೆಗೆ ಮಾರ್ವೆಲ್ ತನ್ನದೇ ವಿತರಣಾ ಸಂಸ್ಥೆಯೊಂದನ್ನು ಕೊಂಡಿತು. ಪ್ರತಿಯಾಗಿ ಇತರ ದೊಡ್ಡ ಪ್ರಕಾಶಕರು ಡೈಮಂಡ್ ಸಂಸ್ಥೆಯೊಡನೆ ಏಕಮಾತ್ರ ಒಪ್ಪಂದ ಮಾಡಿಕೊಂಡರು. 1996ರಲ್ಲಿ ಪ್ರತಿಸ್ಪರ್ಧಿ 'ಕ್ಯಾಪಿಟಲ್ ಸಿಟಿ' ಡೈಮಂಡ್‌ಗೆ ಮಾರಾಟವಾಗಿ, 1997ರಲ್ಲಿ ಮಾರ್ವೆಲ್ ಕೂಡ ಅದರ ಬಾಗಿಲಿಗೇ ಬಂದಾಗ ಹೆಚ್ಚು ಕಡಿಮೆ ಇಡೀ ವ್ಯವಹಾರ ಒಂದೇ ಕೈಗೆ ಸೇರಿತು. ಕಟ್ಟಿನಲ್ಲಿ ಪ್ರತಿ ಕಡಿಮೆ ಬಂದರೆ, ಮೂಲೆ ಜಜ್ಜಿ ಬಂದರೆ, ಗಿರಾಕಿಯ ಸಿಟ್ಟು ತಿರುಗುತ್ತಿದ್ದುದು ಅಂಗಡಿಕಾರನ ಮೇಲೆ.

ಕುಸಿತದ ನಂತರದ ಪ್ರಯತ್ನಗಳಲ್ಲಿ ಉಲ್ಲೇಖಾರ್ಹವಾದುದು ಉಚಿತ ಕಾಮಿಕ್ಸ್ ದಿನ. ಕ್ಯಾಲಿಫೋರ್ನಿಯಾದ ಕಾನ್‌ಕಾರ್ಡ್‌ನ ಅಂಗಡಿಕಾರ ಜೋ ಫೀಲ್ಡ್ ಅವರು, ತಮ್ಮ ನೆರೆಯ ಐಸ್‌ಕ್ರೀಮ್ ಅಂಗಡಿಯ ಮುಂದೆ ಉಚಿತ ವಿತರಣೆಯ ದಿನ ನೆರೆದ ಸಾಲನ್ನು ಕಂಡು ಇದನ್ನು ಸೂಚಿಸಿದರು. 'ಸ್ಪೈಡರ್‌ಮ್ಯಾನ್' ಚಲನಚಿತ್ರ ಬಿಡುಗಡೆಯಾದ ಮರುದಿನ, 2002ರ ಮೇ 4ರಂದು, ಅದು ಮೊದಲ ಬಾರಿಗೆ ನಡೆಯಿತು. ಗಿರಾಕಿಗೆ ಉಚಿತವಾದ ಆ ಪ್ರತಿಗಳಿಗೆ ಅಂಗಡಿಕಾರನು ಮಾತ್ರ ಕಡಿಮೆ ದರದಲ್ಲಿಯಾದರೂ ಹಣ ತೆರಬೇಕಾಗಿತ್ತು. ಕಟ್ಟೆಯ ಹೊರಗಿದ್ದವರನ್ನು ಒಳಗೆ ಕರೆಯಲು ಅವನು ತನ್ನ ಗಲ್ಲಾದಿಂದ ಕೊಟ್ಟ ಬೆಲೆಯೆಂದು ಇದನ್ನು ಕಾಣಬಹುದು. ಇನ್ನೊಂದು ಬೆಳವಣಿಗೆ ವಿಪರ್ಯಾಸದ್ದು. 2007ರಲ್ಲಿ 'ಕಾಮಿಕ್ಸಾಲಜಿ' ಎಂಬ ಸಂಸ್ಥೆ ಆರಂಭವಾದದ್ದು ಓದುಗರು ತಮ್ಮ ಪುಲ್ ಲಿಸ್ಟನ್ನು ಗಣಕದಲ್ಲಿ ಸಿದ್ಧಪಡಿಸಿಕೊಳ್ಳಲು ನೆರವಾಗುವುದಕ್ಕಾಗಿ. ಕೆಲವೇ ವರ್ಷಗಳಲ್ಲಿ ಅದು ಕಾಗದವಿಲ್ಲದ ಕಾಮಿಕ್ಸ್‌ನ ದೊಡ್ಡ ಮಾರಾಟಗಾರನಾಗಿ ಬೆಳೆದು, 2014ರಲ್ಲಿ ಅಮೆಜಾನ್‌ನ ವಶವಾಯಿತು.

2020ರ ಏಪ್ರಿಲ್ ಆರಂಭದಲ್ಲಿ ಕೊರೋನಾ ಸಾಂಕ್ರಾಮಿಕದ ಕಾರಣ ಡೈಮಂಡ್ ಹೊಸ ಸರಕಿನ ಸಾಗಣೆಯನ್ನು ನಿಲ್ಲಿಸಿತು. ಮೇ 20ರವರೆಗೆ ಲಾರಿ ಬರಲಿಲ್ಲ. ಹೊಸ ಸಂಚಿಕೆಯಿಲ್ಲದ ಬುಧವಾರಗಳು ಆ ಪೀಳಿಗೆಯ ಗಿರಾಕಿಗಳು ಕಾಣದಿದ್ದಂತಹವು. ಅನೇಕ ಅಂಗಡಿಕಾರರು ಪೆಟ್ಟಿಗೆಗಳಲ್ಲಿ ಉಳಿದಿದ್ದ ಹಳೆಯ ಬಾಕಿಗಳನ್ನು ಬಾಗಿಲ ಹೊರಗೆ, ಕಾರಿನ ಕಿಟಕಿಯ ಬಳಿ ತಂದುಕೊಟ್ಟು ದಿನ ದೂಡಿದರು. ಅದೇ ಜೂನ್‌ನಲ್ಲಿ ಡಿಸಿ, 2021ರಲ್ಲಿ ಮಾರ್ವೆಲ್ ಬೇರೆ ವಿತರಕರ ಬಳಿಗೆ ಹೋದವು. 2025ರ ಜನವರಿಯಲ್ಲಿ ಡೈಮಂಡ್ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೊರೆಹೊಕ್ಕಿತು. ಒಂದೇ ಕಟ್ಟು ಬಿಚ್ಚಿ ಪೆಟ್ಟಿಗೆ ತುಂಬುತ್ತಿದ್ದ ಅಂಗಡಿಕಾರ ಈಗ ಹಲವು ಕಟ್ಟುಗಳನ್ನು, ಹಲವು ಲೆಕ್ಕಗಳನ್ನು ಸರಿದೂಗಿಸಬೇಕಾಗಿದೆ.

ಡಿಸಿ 2020ರಲ್ಲಿ ವಿತರಕನನ್ನು ಬದಲಿಸಿದಾಗ ತನ್ನ ಮಾರಾಟದ ದಿನವನ್ನೂ ಮಂಗಳವಾರಕ್ಕೆ ಸರಿಸಿತ್ತು. ಸಂತೆ ಎರಡು ದಿನಗಳಾಗಿ ಒಡೆಯಿತು. ಮಂಗಳವಾರ ಬಂದವರಿಗೆ ಅರ್ಧ ಪೆಟ್ಟಿಗೆ. ಎರಡು ಸಲ ಬರಲಾಗದ ಬಹುಮಂದಿ ಬುಧವಾರವನ್ನೇ ಬಿಡದೆ ಹಿಡಿದುಕೊಂಡರು. ಹೀಗೆ ನಾಲ್ಕು ವರ್ಷ ನಡೆಯಿತು. 2024ರ ಜುಲೈನಲ್ಲಿ ಡಿಸಿ ತನ್ನ ಸಂಚಿಕೆಗಳನ್ನು ಮತ್ತೆ ಬುಧವಾರಕ್ಕೇ ತಂದಿತು.